ಹೆಣ್ಣು ನೋಡಲು ಹೋಗಿ ಬ್ಲಾಕು ನೋಡಿ ಬಂದವನು

ಹೆಣ್ಣು ನೋಡಲು ಹೋಗಿ ಬೇರಿಂಗ್ ನೋಡಿ ಬಂದ ಗಂಡು ನಮ್ಮ ಜಿಲ್ಲೆಯಲ್ಲಿ ನನ್ನ ಅಣ್ಣ ಒಬ್ಬನೇ ಇರಬೇಕು. ಬೇರೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ನಮ್ಮ ಮನೆಯ ಮಾನ ಅರ್ಧವಾದರೂ ಉಳಿದೀತು!

ಐವತ್ತರ ದಶಕದ ಮಾತು. ಅಣ್ಣ ಬಂಟ್ವಾಳದ ಒಂದು ಅಕ್ಕಿಮಿಲ್ಲಿನಲ್ಲಿ ಮೆಕ್ಯಾನಿಕ್ ಆಗಿದ್ದ. ಆಗಿನ ಮಿಲ್ಲು ಎಂದರೆ ಒಂದು ಆಯಿಲ್ ಇಂಜಿನ್ನು, ಅದು ತಿರುಗಿಸುವ ಉದ್ದನೆಯ ಒಂದು ಶಾಫ್ಟು, ಶಾಫ್ಟಿನಿಂದ ಯಂತ್ರಗಳಿಗೆ ಓಡುವ ಬೆಲ್ಟುಗಳು. ನೋಡಲು ಬಂದವರೆಲ್ಲ ತಿರುಗುವ ಚಕ್ರವನ್ನೇ ನೋಡುತ್ತಿದ್ದರು. ಅಣ್ಣನ ಕಣ್ಣು ಮಾತ್ರ ತಿರುಗದೆ ಕೂತವುಗಳ ಮೇಲೆ. ಹೊಟ್ಟೆಯೊಳಗೆ ಬೇರಿಂಗ್ ಇಟ್ಟುಕೊಂಡು, ನೆಲಕ್ಕೆ ಬೋಲ್ಟು ಬಿಗಿಸಿಕೊಂಡು, ಇಡೀ ಶಾಫ್ಟನ್ನು ಹೊತ್ತು ಕೂತ ಆ ಎರಕದ ಕಬ್ಬಿಣದ ಗಡ್ಡೆಗಳಿಗೆ ಪ್ಲಮ್ಮರ್ ಬ್ಲಾಕ್ ಎಂದು ಹೆಸರು. ಅಣ್ಣನ ಬಾಯಲ್ಲಿ ಬರೇ ‘ಬ್ಲಾಕು’.

“ತಿರುಗುವವನಿಗೆ ಎಲ್ಲರೂ ಶಾಭಾಸ್ ಹೇಳ್ತಾರೆ. ಹೊತ್ತವನನ್ನು ಯಾರು ಕೇಳ್ತಾರೆ?” ಎಂದು ಊಟಕ್ಕೆ ಕೂತಲ್ಲಿ ಕೇಳುತ್ತಿದ್ದ.

“ನಿನ್ನನ್ನು ಹೊತ್ತವಳು ನಾನು. ನನ್ನನ್ನು ಯಾರು ಕೇಳಿದ್ದಾರೆ? ಗಂಜಿ ಉಣ್ಣು” ಎನ್ನುತ್ತಿದ್ದಳು ಅಮ್ಮ.

ಒಮ್ಮೆ ವಾಮದಪದವಿನ ಕಡೆಯ ಮಿಲ್ಲೊಂದಕ್ಕೆ ಹೊಸ ಬ್ಲಾಕು ಒಯ್ಯಬೇಕಿತ್ತು. ಬಸ್ಸಿನ ಮಾಡಿನ ಮೇಲೆ ಹಾಕಿದರೆ ಪೆಟ್ಟಾಗುತ್ತದೆಂದು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತ. ಕಂಡಕ್ಟರ್ ಬಂದು, “ಲಗೇಜು ಮೇಲೆ ಹಾಕುವ, ಕೊಡಿ ಇಲ್ಲಿ” ಎಂದು ಎತ್ತಲು ಹೋದ. ಅದು ಅಲ್ಲಾಡಲಿಲ್ಲ. ಸೊಂಟ ಹಿಡಿದುಕೊಂಡು ನೆಟ್ಟಗಾಗಿ, “ಆಗಲಿ ಮಾರಾಯ್ರೆ, ಮಗು ಮಲಗಲಿ” ಎಂದು ಮುಂದೆ ಹೋದ.

ಇಂಥವನಿಗೆ ಮೂಡಬಿದ್ರೆಯಿಂದ ಒಂದು ಸಂಬಂಧ ಬಂತು. ಹುಡುಗಿಯ ತಂದೆಗೆ ಸ್ವಂತ ಅಕ್ಕಿಮಿಲ್ಲು, ಅದೂ ಮನೆಗೆ ತಾಗಿಕೊಂಡೇ! ಅಮ್ಮ, ನಾನು, ಅಣ್ಣ ಮೂವರೂ ಹೋದೆವು. ಹುಡುಗಿ ಕಾಫಿ ತಂದು ಎದುರು ನಿಂತಳು. ಅಣ್ಣ ಲೋಟ ಕೈಯಲ್ಲಿ ಹಿಡಿದುಕೊಂಡು ಗೋಡೆಯ ಕಡೆಗೆ ಕಿವಿ ಕೊಟ್ಟ.

“ನಿಮ್ಮದೊಂದು ಬ್ಲಾಕು ಸಡಿಲ ಉಂಟು” ಎಂದ ಹುಡುಗಿಯ ತಂದೆಗೆ.

ಅವರು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಅಣ್ಣ ಅಂಗಳ ದಾಟಿಯಾಗಿತ್ತು. ಇಂಜಿನ್ನು ನಿಂತ ಶಬ್ದ ಕೇಳಿಸಿತು. ನಾನು ಹಿಂದೆಯೇ ಓಡಿ ಬಾಗಿಲಲ್ಲಿ ನಿಂತೆ. ಬಿಳಿ ಅಂಗಿಯಲ್ಲೇ ಶಾಫ್ಟಿನ ಅಡಿಗೆ ನುಗ್ಗಿದ್ದ. ಇಂಜಿನ್ನು ನಿಂತದ್ದೇ ನೆವವಾಗಿ ಆಳುಗಳು ಊಟಕ್ಕೆ ಹೋಗಿದ್ದರು. ಆ ಮೂಲೆಯಲ್ಲಿ ಹಗಲಲ್ಲೂ ಕತ್ತಲೆ. “ಯಾರಾದರೂ ದೀಪ ಹಿಡಿಯಿರಿ” ಎಂದು ಕೂಗಿದ. ಯಾರು ಹಿಡಿಯಬೇಕು? ಹುಡುಗಿಯೇ ಲಾಟೀನು ತಂದಳು. ಬ್ಲಾಕಿನ ಅಡಿಗೆ ಕೊಡಲು ತಗಡಿನ ಚೂರು ಬೇಕೆಂದಾಗ ಪೌಡರ್ ಡಬ್ಬಿಯ ಮುಚ್ಚಳ ತಂದು, “ಇದು ಆಗ್ತದಾ?” ಎಂದು ಕೇಳಿದಳು.

“ಆಗ್ತದೆ” ಎಂದ.

ಅವರಿಬ್ಬರೊಳಗೆ ನಡೆದ ಮಾತು ಇಷ್ಟೇ. ಕೆಲಸ ಮುಗಿದಾಗ ಸಂಜೆಯಾಗಿತ್ತು. ಅಂಗಿಯ ಬಣ್ಣ ಏನೆಂದು ಹೇಳುವಂತಿರಲಿಲ್ಲ.

ವಾಪಸು ಬರುವಾಗ ಅಮ್ಮ ಕೇಳಿದಳು, “ಹುಡುಗಿ ಹೇಗೆ?”

“ಮುಚ್ಚಳ ಸರಿಯಾದ ದಪ್ಪದ್ದೇ ತಂದಳು” ಎಂದ ಅಣ್ಣ.

ವಾರದೊಳಗೆ ಉತ್ತರ ಬಂತು. “ನಾನು ಹುಡುಕಿದ್ದು ಅಳಿಯನನ್ನು. ಮೆಕ್ಯಾನಿಕ್ ನಮ್ಮಲ್ಲಿ ಇದ್ದಾನೆ” ಎಂದು ಹುಡುಗಿಯ ತಂದೆ ಹೇಳಿ ಕಳಿಸಿದ್ದರು. ಅದೇ ವರ್ಷ ಹುಡುಗಿಯನ್ನು ಬೆಳ್ತಂಗಡಿಯ ಕಡೆಗೆ ಕೊಟ್ಟರು. ಇಡೀ ಸಂಸಾರ ಈ ಕತೆಯನ್ನು ಮದುವೆ, ತಿಥಿ ಎನ್ನದೆ ಹೇಳಿ ನಗುತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವಳು ನಾನೇ.

ಮತ್ತೆ ಸಂಬಂಧಗಳು ಬಂದವು. ಅಣ್ಣನದು ಒಂದೇ ಪ್ರಶ್ನೆ: “ಅವರ ಮನೆ ಹತ್ತಿರ ಮಿಲ್ಲು ಉಂಟಾ?” ಉಂಟು ಎಂದರೆ, “ಬೇಡ, ಪುನಃ ಅದೇ ಆಗ್ತದೆ.” ಇಲ್ಲ ಎಂದರೆ, “ಮತ್ತೆ ಅಲ್ಲಿ ಹೋಗಿ ನಾನು ಏನು ಮಾಡ್ಲಿ?” ದಲ್ಲಾಳಿಗಳು ನಮ್ಮ ಮನೆಯ ದಾರಿಯನ್ನೇ ಮರೆತರು.

ಅರವತ್ತರ ದಶಕದಲ್ಲಿ ನಾನು ಟೀಚರ್ ಆಗಿ ಬೆಳ್ತಂಗಡಿಯ ಶಾಲೆಗೆ ಹೋದೆ. ಒಂದು ದಿನ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದ ಹೆಂಗಸು ನನ್ನನ್ನೇ ನೋಡಿ, “ನೀವು ಬಂಟ್ವಾಳದವರಲ್ವಾ?” ಎಂದರು. ಅವಳೇ! ಲಾಟೀನು ಹಿಡಿದವಳು.

“ಅಣ್ಣ ಹೇಗಿದ್ದಾರೆ? ಮದುವೆ ಆಯ್ತಾ?”

“ಇಲ್ಲ.”

ಆಕೆ ಮಗಳ ಜಡೆಯ ರಿಬ್ಬನ್ ಬಿಚ್ಚಿ ಪುನಃ ಕಟ್ಟಿದರು. “ಒಮ್ಮೆ ಮನೆಗೆ ಕರ್ಕೊಂಡು ಬನ್ನಿ” ಎಂದರು.

ಬರಲಾರನೆಂದೇ ಕಾಗದ ಬರೆದೆ. ಮುಂದಿನ ಭಾನುವಾರವೇ ಬಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅವರ ಮನೆಯ ಸುತ್ತ ಗದ್ದೆ. ಮಿಲ್ಲು ಇಲ್ಲ, ಶಬ್ದ ಇಲ್ಲ. ಬೆಲ್ಲ, ನೀರು ಬಂತು. ಆಕೆಯ ಗಂಡ ಒಳ್ಳೆಯ ಮನುಷ್ಯ.

“ಅವತ್ತು ನೀವು ಇವಳ ಮುಖವನ್ನೇ ನೋಡಲಿಲ್ಲವಂತೆ. ಇವಳು ಹೇಳಿ ನಗ್ತಾಳೆ” ಎಂದರು.

ಎಲ್ಲರೂ ನಕ್ಕೆವು. ಅಣ್ಣನೂ ನಕ್ಕ. ಆಕೆ ಮಾತ್ರ ಲೋಟ ತೆಗೆದುಕೊಂಡು ಒಳಗೆ ಹೋದರು.

ರಸ್ತೆಗೆ ಬಂದು ಬಸ್ಸಿಗೆ ಕಾಯುವಾಗ ಅಣ್ಣ ಹೇಳಿದ, “ಅದು ಅರ್ಧ ಗಂಟೆಯ ಕೆಲಸ.”

“ಯಾವುದು?”

“ಮೂಡಬಿದ್ರೆಯ ಬ್ಲಾಕು.”

“ಮತ್ತೆ ಸಂಜೆವರೆಗೆ ಏನು ಮಾಡಿದ್ದು ನೀನು?”

“ಬೋಲ್ಟು ಹಾಕಿದೆ, ಬಿಚ್ಚಿದೆ. ಪುನಃ ಹಾಕಿದೆ. ಮುಗೀತು ಅಂದ್ರೆ ಅವಳು ಒಳಗೆ ಹೋಗ್ತಾಳಲ್ಲ.”

ಇಷ್ಟು ವರ್ಷ ಆ ಕತೆ ಹೇಳಿ ಜನರನ್ನು ನಗಿಸಿದವಳು ನಾನು. ಅಷ್ಟರಲ್ಲಿ ಬಂಟ್ವಾಳದ ಬಸ್ಸು ಬಂದು ನಿಂತಿತು. ಅಣ್ಣ ಹತ್ತಲಿಲ್ಲ. ಗದ್ದೆಯಾಚೆ, ಆ ಮನೆಯ ಮಾಡಿನಿಂದ ಏಳುವ ಹೊಗೆಯನ್ನೇ ನೋಡುತ್ತಿದ್ದ.

“ಇದು ಹೋಗ್ಲಿ,” ಎಂದ. “ಇನ್ನೊಂದು ಬಸ್ಸು ಉಂಟಲ್ಲ.”