ಬಂಗಲೆಯ ಮುಂಬಾಗಿಲಿಗೆ ನಾನು ಮಾಡಿಸಿದ ಇಳಿಜಾರು

ಮೂರು ಮೆಟ್ಟಿಲು. ಬರೀ ಮೂರೇ ಮೂರು ಮೆಟ್ಟಿಲು! ಇಪ್ಪತ್ತೆರಡು ವರ್ಷ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಆನೆಗಾತ್ರದ ಯಂತ್ರಗಳ ನಕ್ಷೆ ಬರೆದವನಿಗೆ ಮೂರು ಮೆಟ್ಟಿಲು ಒಂದು ಲೆಕ್ಕವೇ ಅಂತ ನೀವು ಕೇಳಬಹುದು. ನಾನೂ ಹಾಗೇ ಕೇಳಿದ್ದೆ. ಅದೂ ಜೋರು ದನಿಯಲ್ಲಿ, ಹೆಂಡತಿಯ ಎದುರಿಗೇ.

ಇದು ಎಂಬತ್ತರ ದಶಕದ ಶುರುವಿನ ಮಾತು. ಆಗ ನಾನು ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಸೀನಿಯರ್ ಡ್ರಾಫ್ಟ್ಸ್‌ಮನ್. ಮನೆ ದಾಸರಹಳ್ಳಿಯಲ್ಲಿ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಮುಖ ಸಿಂಡರಿಸುವ ಜಾತಿ ನಮ್ಮದು. ನನ್ನ ಹೆಂಡತಿ ಶಾರದೆಯ ಚಪಾತಿ ಗುಂಡಗಿಲ್ಲ ಅಂತ ಒಮ್ಮೆ ಕಂಪಾಸು ತಂದು ತೋರಿಸಿದ್ದೆ. ಆಮೇಲೆ ಮೂರು ದಿನ ಮೊಸರನ್ನ ತಿಂದೆ. ಅದು ಬೇರೆ ಕಥೆ.

ನಮ್ಮ ಎದುರುಮನೆಯಲ್ಲಿ ಇದ್ದವರು ರತ್ನಾ ಮೇಡಂ. ನಮ್ಮದೇ ಕಾರ್ಖಾನೆಯ ಟೆಲಿಫೋನ್ ಆಪರೇಟರ್. ಮಗುವಾಗಿದ್ದಾಗಲೇ ಪೋಲಿಯೋ ಬಂದು ಎರಡೂ ಕಾಲಿನ ಶಕ್ತಿ ಹೋಗಿತ್ತು. ಓಡಾಟವೆಲ್ಲ ಚಕ್ರದ ಕುರ್ಚಿಯಲ್ಲಿ. ಆದರೆ ದನಿ? ಅಬ್ಬಾ! "ಲೈನ್ ಬಿಜಿ ಇದೆ, ಆಮೇಲೆ ಮಾಡಿ" ಅಂತ ಅವರು ಅಂದರೆ ಜನರಲ್ ಮ್ಯಾನೇಜರ್ ಕೂಡ "ಆಗ್ಲಮ್ಮ" ಅಂತ ಫೋನ್ ಇಡುತ್ತಿದ್ದರು.

ಆ ವರ್ಷ ನಮ್ಮ ಕನ್ನಡ ಸಂಘದವರು ಸಂಸಾರ ಸಮೇತ ವೈಟ್‌ಫೀಲ್ಡಿಗೆ ಹೋಗುವುದೆಂದು ಗೊತ್ತು ಮಾಡಿದರು. ಆಗಿನ ವೈಟ್‌ಫೀಲ್ಡ್ ಅಂದರೆ ಮರಗಳು, ಹೆಂಚಿನ ಮನೆಗಳು, ಮಧ್ಯಾಹ್ನ ಮಲಗಿರುವ ನಾಯಿಗಳು, ಅಷ್ಟೆ. ಅಲ್ಲೊಂದು ನೂರು ವರ್ಷದ ಬಂಗಲೆ. ಯಾರೋ ಇಂಗ್ಲಿಷ್ ದೊರೆ ಕಟ್ಟಿಸಿದ್ದು. ಅವನ ಸಂಸಾರ ಊರು ಬಿಟ್ಟ ಮೇಲೆ ವರ್ತೂರು ಕಡೆಯ ರೈತ ಮುನಿಯಪ್ಪ ಅದನ್ನು ಕೊಂಡಿದ್ದ. ಕೇಳಿದವರಿಗೆಲ್ಲ ಬಾಗಿಲು ತೆಗೆದು ತೋರಿಸುತ್ತಿದ್ದ.

ಈ ಸುದ್ದಿ ಕೇಳಿದ ಸಂಜೆ ರತ್ನಾ ಮೇಡಂ ನಮ್ಮನೆಗೆ ಬಂದರು. ಕಾಫಿ ಲೋಟ ಕೈಯಲ್ಲೇ ಇತ್ತು, ಕುಡಿಯಲಿಲ್ಲ.

"ಸಾರ್, ನಮ್ಮಪ್ಪ ಆ ಬಂಗಲೆಲಿ ಮಾಲಿ ಆಗಿದ್ದ. ಕುಂದಲಹಳ್ಳಿಯಿಂದ ನನ್ನ ಹೆಗಲ ಮೇಲೆ ಕೂರಿಸ್ಕೊಂಡು ದಿನಾ ನಡ್ಕೊಂಡು ಹೋಗ್ತಿದ್ದ. ಹಿತ್ತಲ ಬಾಗ್ಲ ಹತ್ರ ಕೂರಿಸ್ತಿದ್ದ. ಅಲ್ಲಿಂದ ಆಚೆಗೆ ನಾವು ಹೋಗೋ ಹಾಗಿರ್ಲಿಲ್ಲ. ಮುಂಬಾಗ್ಲಿಗೆ ಮೂರು ಮೆಟ್ಲಿವೆ. ಒಂದೇ ಒಂದು ಸಲ ಅಲ್ಲಿಂದ ಒಳಗೆ ಹೋಗ್ಬೇಕು ಸಾರ್. ನಾನೇ ಹೋಗ್ಬೇಕು. ಯಾರೂ ಎತ್ಬಾರ್ದು."

"ಯಾಕ್ರೀ, ಎತ್ತಿದ್ರೆ ಏನಾಯ್ತು?" ಅಂದೆ.

"ಮದುವೆ ಮನೆಗಳಲ್ಲಿ ನಾಲ್ಕು ಜನ ಸೇರಿ ಎತ್ತಾರೆ ಸಾರ್. 'ಹಿಡಿಯೋ, ಆ ಕಡೆ ಹಿಡಿಯೋ, ಗೋಡೆಗೆ ತಾಗುತ್ತೆ' ಅಂತಾರೆ. ಬೀರು ಎತ್ತೋವಾಗ ಅಂತಾರಲ್ಲ, ಹಂಗೆ. ಊಟಾನೇ ಸೇರಲ್ಲ."

ಶಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಂಡತಿ ಕಣ್ಣೊರೆಸಿಕೊಳ್ಳುವಾಗ ಗಂಡಸು ಸುಮ್ಮನಿರಬೇಕು. ನಾನು ಮಾತಾಡಿದೆ.

"ಮೂರು ಮೆಟ್ಟಿಲು ಒಂದು ಲೆಕ್ಕವೇನ್ರೀ? ನಾನು ಒಂದು ರ‍್ಯಾಂಪ್ ಮಾಡಿಸ್ತೀನಿ. ನೀವು ಮಹಾರಾಣಿ ಥರ ಮುಂಬಾಗ್ಲಿಂದ ಹೋಗ್ತೀರಿ. ಇದು ನನ್ನ ಮಾತು!"

ಮರುದಿನವೇ ರಜೆ ಹಾಕಿ, ಮೂರು ಬಸ್ಸು ಬದಲಾಯಿಸಿ, ಟೇಪು ಹಿಡಿದು ಬಂಗಲೆಗೆ ಹೋದೆ. ಮೆಟ್ಟಿಲಿನ ಎತ್ತರ, ಅಗಲ, ಬಾಗಿಲ ಚೌಕಟ್ಟು, ಒಂದನ್ನೂ ಬಿಡಲಿಲ್ಲ. ಮೆಟ್ಟಿಲಿಗೆ ಎದುರಾಗಿ ಒಂದು ಬಿಳಿ ಕಾರು ನಿಂತಿತ್ತು. ಮನೆಯವರ ಕಾರಿಗೆ ತೊಂದರೆಯಾಗಬಾರದಲ್ಲ! ಅದಕ್ಕೇ ನೇರ ಇಳಿಜಾರು ಬೇಡ, ಬಾಗಿಲಿನಿಂದ ಹೊರಬಂದು ಎಡಕ್ಕೆ ತಿರುಗಿ, ಗೋಡೆಯ ಪಕ್ಕದಲ್ಲೇ ಇಳಿಯುವ ರ‍್ಯಾಂಪ್ ಅಂತ ತೀರ್ಮಾನಿಸಿದೆ. ಎಡಗಡೆ ಗಟ್ಟಿ ನೆಲ. ಬಲಗಡೆ ಗುಲಾಬಿ ಪಾತಿ. ಮುನಿಯಪ್ಪ ಏನೋ ಹೇಳಲು ಬಂದ. "ನೀವು ಸುಮ್ನಿರಿ, ಇದು ಇಂಜಿನಿಯರಿಂಗ್" ಅಂದೆ.

ವಾಪಸ್ಸು ಬಂದು ರತ್ನಾ ಮೇಡಂ ಕುರ್ಚಿಯ ಅಳತೆ ತೆಗೆದೆ. ಚಕ್ರದ ದಪ್ಪ, ಕುರ್ಚಿಯ ಅಗಲ, ಎಲ್ಲ ಬರೆದುಕೊಂಡೆ. ನಕ್ಷೆ ಎಷ್ಟು ಅಂದವಾಗಿ ಬಂತೆಂದರೆ ಶಾರದೆಯನ್ನು ಒಲೆ ಮುಂದಿನಿಂದ ಎಬ್ಬಿಸಿ ತೋರಿಸಿದೆ.

"ಚೆನ್ನಾಗಿದೆ. ಕೆಲಸ ಮಾಡುತ್ತಾ?" ಅಂದಳು.

ಕಲೆ ಗೊತ್ತಿಲ್ಲದವರ ಜೊತೆ ಏನು ಮಾತು?

ಪೀಣ್ಯದಲ್ಲಿ ನನ್ನ ಗೆಳೆಯ ನಂಜುಂಡಿಯದೊಂದು ಸಣ್ಣ ವೆಲ್ಡಿಂಗ್ ಶೆಡ್ಡು. ನಕ್ಷೆ ಅವನ ಕೈಗಿಟ್ಟು, "ಗೆರೆ ಹೇಗಿದ್ಯೋ ಹಾಗೇ ಮಾಡು, ನಿನ್ನ ಬುದ್ಧಿ ಉಪಯೋಗಿಸ್ಬೇಡ" ಅಂದೆ. ಅವನು ಅಕ್ಷರಶಃ ಹಾಗೇ ಮಾಡಿದ. ಅಲ್ಲೇ ಎಡವಟ್ಟಾಗಿದ್ದು.

ಹೊರಡುವ ಭಾನುವಾರ ಬಂತು. ಬಸ್ಸಿನಲ್ಲಿ ಜನ, ಹಿಂದೆ ಟೆಂಪೋದಲ್ಲಿ ಎರಡು ತುಂಡಾಗಿ ನನ್ನ ರ‍್ಯಾಂಪ್, ರ‍್ಯಾಂಪಿನ ಮೇಲೆ ಸ್ಪ್ಯಾನರ್ ಹಿಡಿದು ನಂಜುಂಡಿ. ಬಂಗಲೆಯ ಮುಂದೆ ಇಳಿದ ಕೂಡಲೇ ನಾನು ಎಲ್ಲರನ್ನೂ ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿ, ತಾಂತ್ರಿಕ ಜ್ಞಾನವು ಮಾನವನ ಸೇವೆಗೆ ಹೇಗೆ ಒದಗಬೇಕು ಎಂಬುದರ ಕುರಿತು ನಾಲ್ಕು ಮಾತಾಡಿದೆ. ರತ್ನಾ ಮೇಡಂ ಮೈಸೂರು ಸಿಲ್ಕ್ ಉಟ್ಟು, ಹೂ ಮುಡಿದು ಬಂದಿದ್ದರು. ಅವರ ಕಣ್ಣು ಆ ಮುಂಬಾಗಿಲ ಮೇಲೇ ಇತ್ತು.

ನಂಜುಂಡಿ ಬೋಲ್ಟು ಬಿಗಿದು ನೆಟ್ಟಗಾದ. ನಾನು ನೋಡಿದೆ. ಕಣ್ಣುಜ್ಜಿ ಮತ್ತೆ ನೋಡಿದೆ.

"ನಂಜುಂಡಿ, ಇದು ಬಲಕ್ಕೆ ತಿರುಗಿದೆಯಲ್ಲೋ!"

"ಹೌದು ಗುರು. ಡ್ರಾಯಿಂಗ್‌ನಲ್ಲಿ ಅಂಗೇ ಐತಲ್ಲ."

ಈಗ ನನ್ನ ವೃತ್ತಿಯ ಒಂದು ಗುಟ್ಟು ಹೇಳಲೇಬೇಕು. ನಕ್ಷೆ ಬರೆಯುವುದರಲ್ಲಿ ಎರಡು ಪದ್ಧತಿಗಳಿವೆ. ಒಂದೇ ಚಿತ್ರವನ್ನು ಒಂದು ಪದ್ಧತಿಯವರು ಮೇಲಿನಿಂದ ಕಂಡದ್ದು ಎಂದು ಓದಿದರೆ, ಇನ್ನೊಂದು ಪದ್ಧತಿಯವರು ಕೆಳಗಿನಿಂದ ಕಂಡದ್ದು ಎಂದು ಓದುತ್ತಾರೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹಾಗಾಗಬಾರದೆಂದು ಕಾಗದದ ಮೂಲೆಯಲ್ಲಿ, ಇದು ಇಂಥ ಪದ್ಧತಿ ಅಂತ ಒಂದು ಪುಟ್ಟ ಗುರುತು ಹಾಕಬೇಕು. ಆ ಗುರುತು ಮರೆತ ಹುಡುಗರನ್ನು ನಾನು ಆಫೀಸಿನಲ್ಲಿ ನಿಲ್ಲಿಸಿ ಬೈದಿದ್ದೇನೆ. ಒಬ್ಬನಂತೂ ಕೆಲಸ ಬಿಟ್ಟು ಬ್ಯಾಂಕು ಸೇರಿಬಿಟ್ಟ.

ನಾನು ಗುರುತು ಹಾಕಿರಲಿಲ್ಲ.

ರ‍್ಯಾಂಪಿನ ಕೆಳತುದಿ ನೇರವಾಗಿ ಗುಲಾಬಿ ಪಾತಿಯ ಮೇಲೆ ಕೂತಿತ್ತು. ಮುನಿಯಪ್ಪ ಹಿಂದಿನ ದಿನವಷ್ಟೇ ಸಗಣಿ ಗೊಬ್ಬರ ಕದಡಿ ಹುಯ್ದಿದ್ದ. ಜನ ಪಿಸುಗುಟ್ಟತೊಡಗಿದರು. ಆಗಲಾದರೂ ತಪ್ಪಾಯ್ತು ಅನ್ನಬೇಕಿತ್ತು. ಅಂದೆನೇ? ಇಲ್ಲ!

"ಇದೇನೂ ಸಮಸ್ಯೆಯಲ್ಲ. ತುದಿಗೆ ನಾಲ್ಕು ಇಟ್ಟಿಗೆ ಇಟ್ಟು ಅಡ್ಜಸ್ಟ್ ಮಾಡೋಣ. ಮೊದಲು ಟ್ರಯಲ್ ಆಗಲಿ, ನಾನೇ ಕೂತು ತೋರಿಸ್ತೀನಿ."

"ಬೇಡ ಸಾರ್," ಅಂದರು ರತ್ನಾ ಮೇಡಂ.

"ಬೇಡ ಕಣ್ರೀ," ಅಂದಳು ಶಾರದೆ.

ನಾನು ಕೇಳಲಿಲ್ಲ. ಮುನಿಯಪ್ಪ ತಂದಿಟ್ಟ ಬೆತ್ತದ ಕುರ್ಚಿಗೆ ರತ್ನಾ ಮೇಡಂ ಬದಲಾದರು. ಅವರ ಚಕ್ರದ ಕುರ್ಚಿಯನ್ನು ಜಗಲಿಯ ಮೇಲೆ ಏರಿಸಿಕೊಂಡು ಕೂತೆ. ತಿರುವು ಚೆನ್ನಾಗೇ ದಾಟಿದೆ. ಸಂತೋಷ ತಡೆಯಲಾರದೆ ಜನರತ್ತ ಕೈ ಬೀಸಿದೆ. ಬೀಸಿದ ಕೈ ಚಕ್ರ ಹಿಡಿಯಬೇಕಾದ ಕೈ ಅಂತ ಅರ್ಧ ದಾರಿಯಲ್ಲಿ ಹೊಳೆಯಿತು.

"ಇದಕ್ಕೆ ಬ್ರೇಕ್ ಎಲ್ಲಿದೆ?" ಅಂತ ಕೂಗಿದೆ.

"ಕೈಯೇ ಬ್ರೇಕು ಸಾರ್!" ಅಂತ ರತ್ನಾ ಮೇಡಂ ಕೂಗಿದರು.

ಚಕ್ರ ತುದಿಗಿಟ್ಟ ಇಟ್ಟಿಗೆಗೆ ಬಡಿಯಿತು. ಕುರ್ಚಿ ನಿಂತಿತು. ನಾನು ನಿಲ್ಲಲಿಲ್ಲ.

ಗೊಬ್ಬರದಲ್ಲಿ ಬಿದ್ದರೆ ಪೆಟ್ಟಾಗುವುದಿಲ್ಲ ಅನ್ನುವವರು ಗುಲಾಬಿ ಗಿಡವನ್ನು ನೋಡಿಲ್ಲ. ಎದ್ದಾಗ ನನ್ನ ಬಿಳಿ ಸಫಾರಿ ಸೂಟಿನ ಬಣ್ಣ ಬದಲಾಗಿತ್ತು, ಮೊಣಕಾಲು ತರಚಿತ್ತು. ಮೊದಲು ನಕ್ಕಿದ್ದು ಶಾರದೆ. ಅವಳು ನಕ್ಕ ಮೇಲೆ ಉಳಿದವರಿಗೆ ಯಾವ ಸಂಕೋಚ?

ಮುನಿಯಪ್ಪನಿಗೆ ಮಾತ್ರ ಪಾಪ ಅನ್ನಿಸಿತು. "ಸಾ, ಹಿಂದ್ಗಡೆನೂ ಇಂಥವೇ ಮೂರು ಮೆಟ್ಲವೆ. ಅಲ್ಲಿ ಬಲಗಡೆ ಜಾಗ ಖಾಲಿ ಐತೆ. ಅಲ್ಲಿಕ್ಕಿ ನೋಡಣ್ವಾ?" ಅಂದ.

ಇಬ್ಬರು ಮೂವರು ಸೇರಿ ಹೊತ್ತೆವು. ಹಿತ್ತಲ ಬಾಗಿಲಿಗೆ ಇಟ್ಟೆವು. ಆಹಾ! ಚೂರೂ ಅಲುಗಲಿಲ್ಲ, ಒಂದು ನೂಲು ಹೆಚ್ಚಿಲ್ಲ, ಕಮ್ಮಿಯಿಲ್ಲ. ನನ್ನ ಇಡೀ ವೃತ್ತಿಯಲ್ಲಿ ಇಷ್ಟು ಕರಾರುವಾಕ್ಕಾಗಿ ಕೂತ ಕೆಲಸವನ್ನು ನಾನು ನೋಡಿರಲಿಲ್ಲ. "ನೋಡಿದ್ರಾ ಮೇಡಂ!" ಅಂತ ಕುಣಿಯುತ್ತಾ ತಿರುಗಿದೆ.

ರತ್ನಾ ಮೇಡಂ ಆ ಬಾಗಿಲನ್ನೇ ನೋಡುತ್ತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿ.

"ಅಪ್ಪ ನನ್ನ ಕೂರಿಸ್ತಿದ್ದದ್ದು ಇದೇ ಕಲ್ಲಿನ ಮೇಲೆ ಸಾರ್," ಅಂದರು. "ಇಲ್ಲಿಗೇ ಬರೋದಾಗಿದ್ರೆ ಸೀರೆ ಯಾಕೆ ಉಡ್ತಿದ್ದೆ?"

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನಿಜವಾಗಿ ಅಳು ಬಂತು. ಮುಖದ ತುಂಬಾ ಗೊಬ್ಬರವಿದ್ದುದರಿಂದ ಯಾರಿಗೂ ತಿಳಿಯಲಿಲ್ಲ.

"ಎತ್ತೋಣ್ವಾ ಮೇಡಂ?" ಅಂತ ನಂಜುಂಡಿ ಮೆಲ್ಲಗೆ ಕೇಳಿದ.

"ಮುಟ್ಟಿದ್ರೆ ನೋಡು!" ಅಂದವರೇ ಕುರ್ಚಿ ಗರ್ರನೆ ತಿರುಗಿಸಿ, ತಾವೇ ತಳ್ಳಿಕೊಂಡು ಮತ್ತೆ ಮುಂಭಾಗಕ್ಕೆ ಹೋದರು. ನಾವೆಲ್ಲ ಹಿಂದೆ ಹಿಂದೆ ಹೋದೆವು. ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದ ಸಿಮೆಂಟಿನ ದೊಡ್ಡ ದೊಡ್ಡ ಹೂಕುಂಡಗಳನ್ನು ಒಂದು ನಿಮಿಷ ನೋಡಿದರು.

"ಮುನಿಯಪ್ನೋರೆ, ಈ ಕುಂಡಗಳನ್ನ ಮೇಲಕ್ಕೆ ಹೆಂಗೆ ಏರಿಸ್ತೀರಿ?"

"ತಳ್ಳೋ ಗಾಡಿಲಮ್ಮ. ಎಲ್ಡು ಹಲ್ಗೆ ಇಕ್ಕಿ ತಳ್ತೀವಿ. ದೊರೆ ಕಾಲದ ತೇಗದ ಹಲ್ಗೆ. ಕೊಟ್ಗೆಲವೆ."

"ತರಿಸಿ."

"ಅದೇ ಕಣಮ್ಮ, ಅವತ್ತು ಈ ಸಾರಿಗೆ ಹೇಳಾಣ ಅಂತ ಹೋದೆ. ಇಂಜಿನಿಯರಿಂಗು ಅಂದ್ಬುಟ್ರು."

ಹಲಗೆ ಬಂದವು. ಎಂಥ ಹಲಗೆ! ಒಂದೊಂದೂ ಹದಿನೈದು ಅಡಿ ಉದ್ದ. ನೇರವಾಗಿ ಮೆಟ್ಟಿಲ ಮೇಲೆ ಚಾಚಿದರು. ನಾನು ಕೊನೆಯ ಅಸ್ತ್ರ ಬಿಟ್ಟೆ. "ಹಾಗೆ ನೇರಕ್ಕೆ ಹಾಕಿದ್ರೆ ನಿಮ್ಮ ಕಾರು ಎಲ್ಲಿ ನಿಲ್ಲುತ್ತೆ?"

"ಕಾರಾ? ನಂತಾವ ಇರದು ಎತ್ತಿನ ಗಾಡಿ ಸಾ. ಅವತ್ತು ನಿಂತಿತ್ತಲ್ಲ, ಅದು ದನದ ಡಾಕುಟ್ರುದು. ಎಮ್ಮೆ ನೋಡಕ್ಕೆ ಬಂದಿದ್ರು."

ಒಬ್ಬ ದನದ ಡಾಕ್ಟರ ಕಾರಿಗೋಸ್ಕರ ನಾನು ನಲವತ್ತು ಮೈಲಿ ಬಸ್ಸಿನಲ್ಲಿ ಅಲೆದು, ಕಬ್ಬಿಣವನ್ನು ಅಡ್ಡಡ್ಡ ತಿರುಗಿಸಿದ್ದೆ!

"ಮೇಡಂ, ಹೀಗೆ ಹಲಗೆ ಹಾಕಿದ್ರೆ ಸಾಕು ಅಂತ ನೀವಾದ್ರೂ ಮೊದಲೇ ಹೇಳಬಾರದಿತ್ತೇ?" ಅಂದೆ.

"ನೀವು ಕೇಳಿದ್ರಾ ಸಾರ್? ನನ್ನ ಕುರ್ಚಿ ಅಳತೆ ತಗೊಂಡ್ರಿ. ಕುರ್ಚಿಲಿ ಕೂತಿರೋಳನ್ನ ಒಂದು ಮಾತು ಕೇಳ್ಳಿಲ್ಲ."

ರತ್ನಾ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ಮೇಲಕ್ಕೇರಿಸಿ, ಚಕ್ರಗಳನ್ನು ಹಲಗೆಗೆ ಹೊಂದಿಸಿದರು. ಒಂದು ತಳ್ಳು. ಇನ್ನೊಂದು ತಳ್ಳು. ಅರ್ಧದಲ್ಲಿ ಕುರ್ಚಿ ನಿಂತಿತು. ಯಾರೂ ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ. ಅವರು ಹಲ್ಲು ಕಚ್ಚಿ ಮತ್ತೆ ತಳ್ಳಿದರು. ಕುರ್ಚಿ ಜಗಲಿ ಏರಿತು. ಮುಂಬಾಗಿಲು ದಾಟಿತು. ಒಳಗೆ ಹೋಗೇಬಿಟ್ಟರು!

ಹೊರಗೆ ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಒಳಗಿನಿಂದ ಅವರ ನಗು ಕೇಳಿತು. ಅಳುತ್ತಲೇ ನಗುತ್ತಿದ್ದರು.

"ಇಷ್ಟೇನಾ! ನಮ್ಮಪ್ಪ ಒಳಗೆ ಅರಮನೆ ಇದೆ, ಚಿನ್ನದ ಕಂಬ ಇದೆ ಅಂತ ಬಿಟ್ಟಿದ್ದ ಕಣ್ರೀ ಬುರುಡೆ! ಅವನೂ ನೋಡಿರ್ಲಿಲ್ಲ ಪಾಪ. ಬನ್ನಿ, ಎಲ್ರೂ ಬನ್ನಿ, ಒಳಗೆ ಬನ್ನಿ!"

ಮನೆಯೊಡತಿಯ ಹಾಗೆ ಕರೆಯುತ್ತಿದ್ದರು. ಮುನಿಯಪ್ಪನೇ ಕೈಕಟ್ಟಿ ಪಕ್ಕಕ್ಕೆ ನಿಂತಿದ್ದ. ಜನ ಸಾಲಾಗಿ ಒಳಗೆ ಹೋದರು. ಎಲ್ಲರ ಹಿಂದೆ ನಾನೂ ಹೋಗಿ, ಮುಂಬಾಗಿಲ ಹತ್ತಿರ ಒಂದು ಕಾಲು ಎತ್ತಿದೆ.

"ಸಾರ್!"

ಜನರಲ್ ಮ್ಯಾನೇಜರ್ ಕೂಡ ಕೇಳಿ ಫೋನ್ ಇಡುತ್ತಿದ್ದ ದನಿ. ಎತ್ತಿದ ಕಾಲು ಅಲ್ಲೇ ನಿಂತಿತು.

"ನೆಲಕ್ಕೆ ಇವತ್ತಷ್ಟೇ ಪಾಲಿಶ್ ಹಾಕಿದಾರಂತೆ. ನೀವಿರೋ ಅವತಾರಕ್ಕೆ ಇಲ್ಲಿಂದ ಬೇಡ. ಹಿಂದ್ಗಡೆಯಿಂದ ಬನ್ನಿ."

"ಹೋಗಿ, ಹೋಗಿ," ಅಂತ ಒಳಗಿನಿಂದ ಶಾರದೆ ದನಿಗೂಡಿಸಿದಳು. "ಅಲ್ಲಿ ಅಷ್ಟು ಚೆನ್ನಾಗಿ ರ‍್ಯಾಂಪ್ ಮಾಡಿಸಿದ್ದೀರಲ್ಲ!"

ಹೋದೆ. ತರಚಿದ ಮೊಣಕಾಲು ಎಳೆದುಕೊಂಡು, ಕುಂಟುತ್ತಾ ಬಂಗಲೆಗೆ ಅರ್ಧ ಸುತ್ತು ಹಾಕಿ ಹೋದೆ. ಒಂದು ಮಾತು ನಾನು ಹೇಳಲೇಬೇಕು: ಇಳಿಜಾರು ಬಹಳ ಹಿತವಾಗಿತ್ತು, ಮೊಣಕಾಲಿಗೆ ಚೂರೂ ನೋವಾಗಲಿಲ್ಲ. ಅವತ್ತು ಆ ಬಂಗಲೆಗೆ ಹಿತ್ತಲ ಬಾಗಿಲಿನಿಂದ ಹೋದವನು ನಾನೊಬ್ಬನೇ.