ಕಾಯಲು ಕ್ಯಾಂಪಿಗೆ ಗಂಟೆ ಬಂದ ಚರಿತ್ರೆ

ಒಂದು ಸಂಸ್ಥೆಯ ಚರಿತ್ರೆ ಬರೆಯಲು ಅದನ್ನು ಕೆಡಿಸಿದವನನ್ನು ಕರೆಯಬಾರದು. ಕರೆದರೂ ಅವನು ಒಪ್ಪಬಾರದು. ನನ್ನನ್ನು ಕರೆದರು, ನಾನು ಒಪ್ಪಿದೆ. ತಿರುವನಂತಪುರದ ಹೊರಗೆ, ವಿಳಿಂಜಂ ಕಡೆಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಸಿಹಿನೀರಿನ ಕೆರೆ ಇದೆ. ಅಲ್ಲಿಯವರು ಅದನ್ನು ಕಾಯಲು ಅನ್ನುತ್ತಾರೆ. ಅದರ ದಂಡೆಯಲ್ಲಿ ಚರ್ಚಿನವರು ಮಕ್ಕಳಿಗಾಗಿ ಪ್ರತಿ ಬೇಸಿಗೆಯಲ್ಲಿ ಒಂದು ಕ್ಯಾಂಪ್ ನಡೆಸುತ್ತಿದ್ದರು. ಆ ಕ್ಯಾಂಪನ್ನು ಕಟ್ಟಿ ಬೆಳೆಸಿದ ಯೋಹನ್ನಾನ್ ಸಾರ್ ಅವರ ಬಾಯಿಯನ್ನು ನಾನು ನನ್ನ ಹನ್ನೆರಡನೆಯ ವಯಸ್ಸಿನಲ್ಲಿ ಮುಚ್ಚಿಸಿದೆ. ಬೈದು ಅಲ್ಲ, ಎದುರುತ್ತರ ಕೊಟ್ಟು ಅಲ್ಲ. ಥೇಟು ಅವರ ಹಾಗೆಯೇ ಮಾತಾಡಿ. ಆ ಚರಿತ್ರೆ ಇರುವುದು ಮಲಯಾಳದಲ್ಲಿ. ಈ ಬರಹವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಭಾಷಾಭಿಮಾನ ಕಾರಣವಲ್ಲ. ಕ್ಯಾಂಪಿಗೆ ಸಂಬಂಧಪಟ್ಟ ಯಾರಿಗೂ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯ, ಅಷ್ಟೇ.

ಅಣಕಿಸುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಅಪ್ಪ ಮಂಗಳೂರಿನವರು. ಬ್ಯಾಂಕಿನ ವರ್ಗಾವಣೆಯಲ್ಲಿ ತಿರುವನಂತಪುರದ ಪಟ್ಟಂ ಬಡಾವಣೆಗೆ ಬಂದು ಅಲ್ಲೇ ಉಳಿದರು. ಅವರು ಮ್ಯಾನೇಜರ ಹತ್ತಿರ ರಜೆ ಕೇಳುವ ದನಿಯನ್ನು ನಾನು ಐದನೆಯ ವರ್ಷದಲ್ಲಿ, ಆ ಮ್ಯಾನೇಜರು ಮನೆಗೆ ಊಟಕ್ಕೆ ಬಂದಾಗಲೇ, ಮಾಡಿ ತೋರಿಸಿದೆನಂತೆ. ಹತ್ತು ವರ್ಷ ತುಂಬುತ್ತಲೇ ನನ್ನನ್ನು ಕ್ಯಾಂಪಿಗೆ ಸೇರಿಸುವಾಗ ಅಪ್ಪ ಅಮ್ಮನಿಗೆ ಕೊಟ್ಟ ಕಾರಣದಲ್ಲಿ ದೇವರ ಹೆಸರು ಇರಲಿಲ್ಲ. “ಎರಡು ವಾರ ಆದ್ರೂ ಮನೆಯಲ್ಲಿ ನನ್ನ ಸ್ವರದಲ್ಲಿ ನಾನೊಬ್ಬನೇ ಮಾತಾಡ್ತೇನೆ ಮಾರಾಯ್ತಿ” ಎಂದರು. ಈಗ ಅದೇ ಕಾಯಿಲೆ ನನ್ನ ಉದ್ಯೋಗ. ಕೊಚ್ಚಿಯ ಒಂದು ಸ್ಟುಡಿಯೋದಲ್ಲಿ ಜಾಹೀರಾತುಗಳಿಗೆ ಸ್ವರ ಕೊಡುತ್ತೇನೆ. ಹಲ್ಲುಪುಡಿ ತಿಕ್ಕುವ ಅಜ್ಜ, ಸಿಮೆಂಟಿನ ಆನೆ, ತಲೆನೋವು ವಾಸಿಯಾದ ಮಾವ, ಮೂವರೂ ನಾನೇ.

ಕಳೆದ ತಿಂಗಳು ಸಾರ್ ಅವರ ಹೆಂಡತಿ ಸೋಶಾಮ್ಮ ಟೀಚರ್ ಫೋನ್ ಮಾಡಿದರು. ಸಾರ್ ತೀರಿಕೊಂಡು ಎರಡು ವರ್ಷವಾಗಿತ್ತು. ಕಾಯಲಿನ ತುಂಬ ಅಂತರಗಂಗೆ ಬೆಳೆದು ನೀರು ಕಾಣಿಸದಂತಾಗಿತ್ತು. ಮಕ್ಕಳು ಬೇಸಿಗೆಯಲ್ಲಿ ಎಂಟ್ರೆನ್ಸ್ ಕೋಚಿಂಗಿಗೆ ಹೋಗುತ್ತಿದ್ದರು. ಕಳೆದ ವರ್ಷ ಕ್ಯಾಂಪಿನಲ್ಲಿ ಮಕ್ಕಳಿಗಿಂತ ಅವರಿಗೆ ಬಡಿಸುವವರೇ ಹೆಚ್ಚಿದ್ದರಂತೆ. ಹಾಗಾಗಿ ಮುಚ್ಚುವುದೆಂದು ನಿರ್ಧಾರವಾಗಿತ್ತು. ಕೊನೆಯ ದಿನ ಹಂಚಲು ಒಂದು ಚರಿತ್ರೆಯ ಪುಸ್ತಕ ಬೇಕು. “ನೀನೇ ಬರೆ ಮೋನೇ, ಅಲ್ಲಿಗೆ ಬಂದವರಲ್ಲಿ ಬಾಯಿ ಮುಚ್ಚದವನು ನೀನೊಬ್ಬನೇ” ಎಂದರು ಟೀಚರ್. ಮೋನೇ ಅಂದರೆ ಮಗನೇ. ಅವರ ಮಾತಿಗೆ ಇಲ್ಲವೆನ್ನುವ ಸ್ವರ ನನ್ನ ಸಂಗ್ರಹದಲ್ಲಿಲ್ಲ.

ಬರೆಯಲು ಕುಳಿತೆ. ಮೊದಲ ಭಾಗ ಸಲೀಸಾಗಿ ಬಂತು. ಸಾರ್ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಚರ್ಚಿಗೆ ಯಾರೋ ಬಿಟ್ಟುಕೊಟ್ಟಿದ್ದ ಪೊದೆ ತುಂಬಿದ ಜಾಗವನ್ನು ತಾವೇ ಕತ್ತಿ ಹಿಡಿದು ಸವರಿದರು. ಮೊದಲ ವರ್ಷ ಓಲೆಯ ಚಪ್ಪರ, ಆಮೇಲೆ ಶೀಟು, ಆಮೇಲೆ ಹೆಂಚು. ಬೆಳಿಗ್ಗೆ ಪ್ರಾರ್ಥನೆ, ಕಂಜಿ ಮತ್ತು ಹೆಸರುಕಾಳು, ಬೈಬಲ್ ಕಥೆ, ನಾಲ್ಕು ಗಂಟೆಗೆ ಈಜು. ಈಜಿಗೆ ಸಾರ್ ಮಾಡಿದ ನಿಯಮವೇ ಕ್ಯಾಂಪಿನ ಹೆಮ್ಮೆ. ಯಾರೂ ಒಬ್ಬರೇ ನೀರಿಗೆ ಇಳಿಯುವಂತಿಲ್ಲ. ವಿಳಿಂಜಂನ ಮೀನುಗಾರರ ಮನೆಯ ಒಂದು ಮಗು, ಪಟ್ಟಂ ಕಡೆಯ ಫ್ಲಾಟಿನ ಒಂದು ಮಗು, ಇಬ್ಬರು ಸೇರಿ ಒಂದು ಜೋಡಿ. ಒಬ್ಬ ಮೀನು, ಇನ್ನೊಬ್ಬ ಬಕೆಟ್ಟಿನಲ್ಲೂ ಮುಳುಗುವವ. ನನ್ನ ಜೋಡಿ ಜೆರೋಮ್ ಎಂಬವನು. ಬಕೆಟ್ಟಿನವನು ಯಾರೆಂದು ಹೇಳಬೇಕಾಗಿಲ್ಲ. ಸಾರ್ ದಂಡೆಯಲ್ಲಿ ನಿಂತು ಆಗಾಗ “ಜೋಡೀ... ಕೈ ಪಿಡಿ!” ಎಂದು ಕೂಗುತ್ತಿದ್ದರು. ಕೂಡಲೇ ಎಲ್ಲರೂ ತಮ್ಮ ಜೋಡಿಯ ಕೈ ಹಿಡಿದು ದಂಡೆಗೆ ಓಡಬೇಕು. ಸಾರ್ ಎಣಿಸಿ, ಮತ್ತೆ ನೀರಿಗೆ ಬಿಡುತ್ತಿದ್ದರು.

ತೊಂದರೆ ಇದ್ದದ್ದು ಆ ಕೂಗಿನಲ್ಲಿ. ಸಾರ್ ಅವರ ಮೈ ಗಾಡಿಯೆತ್ತಿನದು. ಅದರಿಂದ ಹೊರಬರುತ್ತಿದ್ದ ಕೂಗು ಎಣ್ಣೆ ಕಾಣದ ಬಾಗಿಲಿನದು. “ಜೋಡೀ” ಎಂಬಲ್ಲಿ ಮೇಲೇರಿ, “ಪಿಡಿ” ಎಂಬಲ್ಲಿ ಒಡೆದು ಚೂರಾಗುತ್ತಿತ್ತು. ನನ್ನಂಥವನಿಗೆ ಇದು ಅನ್ಯಾಯದ ಆಮಿಷ. ನನ್ನ ಮೂರನೆಯ ಬೇಸಿಗೆಯಲ್ಲಿ, ಒಂದು ಸಂಜೆ ಪಂಪಿನ ಮನೆಯ ಹಿಂದೆ ನಿಂತು ಅದನ್ನೇ ಕೂಗಿದೆ. ಐವತ್ತು ಮಕ್ಕಳು ಕೈ ಕೈ ಹಿಡಿದು ದಂಡೆಗೆ ಓಡಿ ಬಂದರು. ಚಾ ಕುಡಿಯುತ್ತಿದ್ದ ಸಾರ್ ಲೋಟ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತರು. ಕೂಗಿದ್ದು ನಾನೆಂದು ತಿಳಿದು ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಆ ನಗೆಯನ್ನು ನಾನು ಮೂರು ದಿನ ಉಂಡೆ.

ನಾಲ್ಕನೆಯ ದಿನ ನಾನೂ ನೀರಿನಲ್ಲಿದ್ದೆ. ದೂರದಲ್ಲಿ ಗುಡುಗು ಕೇಳಿಸಿತು. ಸಾರ್ ಕೂಗಿದರು. ಎಲ್ಲ ಮಕ್ಕಳೂ ನನ್ನ ಕಡೆ ತಿರುಗಿ ನಕ್ಕರು. ತುಟಿ ಅಲ್ಲಾಡಿಸದೆ ಕೂಗುವ ಹೊಸ ವಿದ್ಯೆ ನನಗೆ ಬಂದಿದೆ ಎಂದುಕೊಂಡರು. ಅದು ನಾನಲ್ಲವೆಂದು ಆ ಐವತ್ತು ಮಂದಿಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಹೇಳಬಹುದಿತ್ತು. ಎದೆಮಟ್ಟದ ನೀರಿನಲ್ಲಿ ನಿಂತು, ನಾಟಕ ಮುಗಿದಾಗ ಮಾಡುತ್ತಾರಲ್ಲ, ಹಾಗೆ ತಲೆಬಾಗಿ ನಮಸ್ಕಾರ ಮಾಡಿದೆ.

ಸಾರ್ ಇನ್ನೂ ಎರಡು ಸಲ ಕೂಗಿದರು. ಆಮೇಲೆ ಉಟ್ಟ ಮುಂಡು, ಶರ್ಟು, ಕೈಗಡಿಯಾರ ಸಮೇತ ನೀರಿಗೆ ಇಳಿದು, ಸಿಕ್ಕಿದವರ ಕೂದಲು, ತೋಳು ಹಿಡಿದು ದಂಡೆಗೆ ಎಸೆಯತೊಡಗಿದರು. ಜೆರೋಮ್ ನನ್ನನ್ನು ಎಳೆದುಕೊಂಡು ಹೋದ. ಕೊನೆಯ ಜೋಡಿ ಮೇಲೆ ಬಂದ ಸ್ವಲ್ಪದರಲ್ಲೇ ಆಚೆ ದಂಡೆಯ ತೆಂಗಿಗೆ ಸಿಡಿಲು ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಮಾಡಿದ್ದು ಯಾರೆಂದು ಸಾರ್ ಕೇಳಲೂ ಇಲ್ಲ. ಮರುದಿನ ಹಲಸಿನ ಮರದಲ್ಲಿ ಒಂದು ಗಂಟೆ ತೂಗಿತು. ಅಂದಿನಿಂದ ಅವರು ದಂಡೆಯಲ್ಲಿ ಸ್ವರ ಎತ್ತಲಿಲ್ಲ. ತಮ್ಮ ಕೊನೆಯ ಬೇಸಿಗೆಯವರೆಗೂ ಗಂಟೆಯ ಹಗ್ಗ ಎಳೆಯುತ್ತ ನಿಂತರು.

ಚರಿತ್ರೆಯಲ್ಲಿ ಈ ಭಾಗವನ್ನು ಹೀಗೆ ಬರೆದೆ: “ಶಿಸ್ತಿನ ದೃಷ್ಟಿಯಿಂದ ಮುಂದೆ ಗಂಟೆಯ ವ್ಯವಸ್ಥೆ ಮಾಡಲಾಯಿತು.” ಇಂಥ ವಾಕ್ಯಗಳು ಎಷ್ಟು ಅನುಕೂಲ ನೋಡಿ, ಒಳಗೆ ಯಾರೂ ಇರುವುದಿಲ್ಲ.

ಕೊಚ್ಚಿಯ ಎರ್ನಾಕುಳಂ ನಿಲ್ದಾಣದಿಂದ ರೈಲು ಹಿಡಿದು, ಬರೆದದ್ದನ್ನು ಟೀಚರ್‌ಗೆ ತೋರಿಸಲು ಹೋದೆ. ಕ್ಯಾಂಪಿನೊಳಗಿನ ಚಿಕ್ಕ ಮನೆಯನ್ನು ಖಾಲಿ ಮಾಡಲು ಅವರು ಪೆಟ್ಟಿಗೆ ಕಟ್ಟುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. “ಓದಿ ಹೇಳು” ಎಂದು ಜಗಲಿಯಲ್ಲಿ ಕುಳಿತರು. ನಾನು ಓದತೊಡಗಿದರೆ ಸುಮ್ಮನೆ ಓದುವ ಜಾತಿಯವನಲ್ಲ. ಅಡುಗೆಯ ಕುಂಞಮ್ಮ ಬಂದಲ್ಲಿ ಕುಂಞಮ್ಮನ ಮೂಗಿನಲ್ಲಿ, ಕಂಜಿ ಆರಿ ಕೆನೆ ಕಟ್ಟುವ ತನಕ ಪ್ರಾರ್ಥಿಸುತ್ತಿದ್ದ ಪಾದ್ರಿ ಬಂದಲ್ಲಿ ಪಾದ್ರಿಯ ಗಂಟಲಿನಲ್ಲಿ ಓದಿದೆ. ಟೀಚರ್ ಕಣ್ಣೊರೆಸಿಕೊಂಡು ನಕ್ಕರು. ಕೊನೆಯ ಪುಟ ಮಡಚಿದೆ.

“ಎಲ್ಲರೂ ಬಂದು ಹೋದರು. ಸಾರ್ ಮಾತ್ರ ಮಾತಾಡಲೇ ಇಲ್ಲವಲ್ಲ?” ಎಂದರು.

ನಾನು ಹಾಳೆಗಳನ್ನು ಚೀಲಕ್ಕೆ ತುರುಕತೊಡಗಿದೆ.

“ಅವರ ಸ್ವರ ನನ್ನ ಹತ್ತಿರ ಎಲ್ಲೂ ಇಲ್ಲ ಮೋನೇ. ಫೋನಿನಲ್ಲಿ ಒಂದು ಮದುವೆಯ ವೀಡಿಯೊ ಇದೆ, ಅದರಲ್ಲೂ ಪಾಯಸ ತಿನ್ನುತ್ತಿದ್ದಾರೆ. ನೀನು ಅವರನ್ನು ಚೆನ್ನಾಗಿ ಮಾಡುತ್ತಿದ್ದೆಯಂತೆ. ಒಮ್ಮೆ ಮಾಡು, ಕೇಳುತ್ತೇನೆ.”

“ಟೀಚರ್, ಆ ಗಂಟೆ ಬಂದದ್ದು ಶಿಸ್ತಿಗಾಗಿ ಅಲ್ಲ. ನನ್ನಿಂದ.”

“ಗೊತ್ತು. ಕ್ಯಾಂಪಿನ ನಾಯಿಗೂ ಗೊತ್ತಿತ್ತು. ನಾನು ಕೇಳಿದ್ದು ಅದಲ್ಲ.”

ಎದ್ದು ಜಗಲಿಯ ಅಂಚಿಗೆ ಹೋಗಿ ನಿಂತೆ. ಅಷ್ಟು ವರ್ಷಗಳಿಂದ ಮುಟ್ಟದ ಸ್ವರ, ಕಿಲುಬು ಹಿಡಿದಿರಬಹುದೆಂದು ಅಂಜಿದ್ದೆ. ಒಂದಿಷ್ಟೂ ಹಿಡಿದಿರಲಿಲ್ಲ. “ಜೋಡೀ... ಕೈ ಪಿಡಿ!” ಏರಬೇಕಾದಲ್ಲಿ ಏರಿತು, ಒಡೆಯಬೇಕಾದಲ್ಲಿ ಒಡೆಯಿತು. ಅಂತರಗಂಗೆಯ ಮೇಲೆ ಕುಳಿತಿದ್ದ ಬೆಳ್ಳಕ್ಕಿಗಳು ಎದ್ದವು. ನನ್ನ ಇಡೀ ಕಸುಬಿನಲ್ಲಿ ಅಷ್ಟು ಕರಾರುವಾಕ್ಕಾಗಿ ನಾನು ಯಾರನ್ನೂ ಮಾಡಿರಲಿಲ್ಲ. ಕಣ್ಣು ತುಂಬಿಕೊಂಡು ತಿರುಗಿದೆ. ಅಂಥ ಹೊತ್ತಿನಲ್ಲೂ, ನಾಚಿಕೆಯಿಲ್ಲದವನು, ಟೀಚರ್ ಮೆಚ್ಚಿದರೇ ಎಂದು ಅವರ ಮುಖ ನೋಡಿದೆ.

ಟೀಚರ್ ಕಣ್ಣು ಮುಚ್ಚಿ, ಇನ್ನೂ ಏನೋ ಬರಬೇಕಾಗಿದೆ ಎಂಬಂತೆ ಕಿವಿ ಕೊಟ್ಟಿದ್ದರು. ಆಮೇಲೆ ಅಲ್ಲವೆಂಬಂತೆ ತಲೆಯಾಡಿಸಿದರು.

“ಮನೆಯಲ್ಲಿ ಅವರದು ಗಟ್ಟಿ ಸ್ವರ. ಮಕ್ಕಳು ನೀರಿಗೆ ಇಳಿದಾಗ ಮಾತ್ರ, ಹೆದರಿಕೆಗೆ, ಹಾಗೆ ಕೀರಲಾಗುತ್ತಿತ್ತು. ನೀನು ಕೀರಲಷ್ಟೇ ಕಲಿತೆ ಮೋನೇ.”