ಒಬ್ಬಾಕಿನೇ ಹೋಗಿ ಬರ್ತೀನಿ

ನಮ್ಮ ಅತ್ತೆಯವರಿಗೆ ಏಕಾಂತವೆಂದರೆ ಪ್ರಾಣ. ಎಷ್ಟರಮಟ್ಟಿಗೆ ಅಂದರೆ, ಆ ಏಕಾಂತವನ್ನು ಹಂಚಿಕೊಳ್ಳಲು ಅವರಿಗೆ ದಿನಕ್ಕೆ ಹತ್ತಾರು ಜನ ಬೇಕು!

ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ವರ್ಷದ ಬಹುಪಾಲು ಮನೆಯಿಂದ ಹೊರಗೆ ಕಾಲಿಟ್ಟರೆ ಹಪ್ಪಳ. ಮಳೆ ಮುಗಿದು ಚಳಿ ಶುರುವಾದಾಗ ಮಾತ್ರ ಒಂದಿಷ್ಟು ದಿನ ಹವೆ ಹಿತವಾಗಿರುತ್ತದೆ. ಆಗ ಉಳಿದವರು ಏನು ಮಾಡುತ್ತಾರೆ? ಹಾಸಿಗೆ ಒಣಗಿಸುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ. ನಮ್ಮ ಅತ್ತೆ ಇಳಕಲ್ ಸೀರೆಯ ಕೆಳಗೆ ಮಗನ ಹಳೆಯ ಸ್ಪೋರ್ಟ್ಸ್ ಶೂ ಏರಿಸಿ, ಚೀಲಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ತುಂಬಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ.

"ಹವಾ ಭಾಳ ಚೊಲೋ ಅದವಾ. ಗುಡ್ಡಕ್ಕ ಹೋಗಿ ಬರ್ತೀನಿ."

"ಯಾರ ಜೊತಿ ಹೊಂಟ್ರಿ ಅತ್ತಿ?"

"ಒಬ್ಬಾಕಿನೇ!"

ಅಷ್ಟು ಹೇಳಿ ಹುಮನಾಬಾದ್ ಬಸ್ಸು ಹತ್ತಿದರೆ, ಕಮಲಾಪುರದ ಹತ್ತಿರ ಇಳಿದು ಗುಡ್ಡ ಏರಿ, ಸಂಜೆಗೆ ಮುಖವರಳಿಸಿಕೊಂಡು ವಾಪಸು. ಅರವತ್ತು ದಾಟಿದ ಹೆಂಗಸು ಒಬ್ಬರೇ ಗುಡ್ಡ ಹತ್ತುತ್ತಾರಲ್ಲ ಎಂದು ನನಗೆ ಭಯವಿತ್ತು. ಆದರೆ ನಾನು ಭಯಪಡಬೇಕಾಗಿದ್ದು ಗುಡ್ಡಕ್ಕಲ್ಲ, ಅವರ ನಾಲಿಗೆಗೆ ಎಂಬುದು ತಡವಾಗಿ ತಿಳಿಯಿತು.

ಜೇವರ್ಗಿ ಕಾಲೋನಿಯ ನಮ್ಮ ಮನೆಯ ಹಾಲ್‌ನಲ್ಲಿ ನಾನು ಗಣಿತದ ಟ್ಯೂಷನ್ ಹೇಳುತ್ತೇನೆ. ಒಂದು ಬೆಳಿಗ್ಗೆ ಎಕ್ಸ್‌ನ ಬೆಲೆ ಕಂಡುಹಿಡಿಯಲು ಮಕ್ಕಳಿಗೆ ಹೇಳಿದ್ದೆ. ಗೇಟಿನಲ್ಲಿ ಹೆಗಲಿಗೆ ಕಂಬಳಿ ಹಾಕಿದ ಕುರುಬರೊಬ್ಬರು ಬಂದು ನಿಂತರು.

"ಗುಡ್ಡದ ಅವ್ವಾರು ಅದಾರೇನ್ರಿ? ಕಣ್ಣು ತೋರಸ್ಲಾಕ ಕಲಬುರಗಿಗಿ ಬಂದ್ರ ನಮ್ಮ ಮನಿಗೇ ಬಾ ಅಂದಿದ್ರು."

ಅವರ ಹಿಂದೆ ಹೆಂಡತಿ. ಹೆಂಡತಿಯ ಹಿಂದೆ ಆಕೆಯ ತಂಗಿ. ತಂಗಿಯ ಹಿಂದೆ ಒಂದು ದೊಡ್ಡ ಗಂಟು! ಅತ್ತೆ ಅಡುಗೆಮನೆಯಿಂದ ಓಡಿ ಬಂದರು ನೋಡಿ, ತವರಿನವರು ಬಂದಾಗಲೂ ಅಷ್ಟು ಓಡಿರಲಿಲ್ಲ. ಆಸ್ಪತ್ರೆಗೆ ಹೊರಡುವವರೆಗೆ ಅವರೆಲ್ಲ ಮಕ್ಕಳ ಪಕ್ಕದಲ್ಲೇ ಕುಳಿತರು. ಸ್ವಲ್ಪ ಹೊತ್ತು ನನ್ನ ಪಾಠ ಕೇಳಿದ ಆ ಹಿರಿಯರಿಗೆ ಕನಿಕರ ಬಂತು.

"ಅಕ್ಕಾರ, ಆಗಿಂದ ಹುಡುಕಲಾಕತ್ತೀರಿ, ಇನ್ನಾ ಸಿಕ್ಕಿಲ್ಲೇನ್ರಿ?"

ಅಂದಿನಿಂದ ನನ್ನ ಒಬ್ಬ ವಿದ್ಯಾರ್ಥಿಗೂ ಎಕ್ಸ್ ಸಿಕ್ಕಿಲ್ಲ. ಕೇಳಿದರೆ, "ಸಿಗ್ತದ ಬಿಡ್ರಿ ಟೀಚರ್" ಎನ್ನುತ್ತಾರೆ!

ರಾತ್ರಿ ನಮ್ಮ ಮನೆಯವರಿಗೆ ದೂರು ಕೊಟ್ಟೆ. "ನಿಮ್ಮ ಅವ್ವಾರಿಗಿ ಸ್ವಲ್ಪ ಹೇಳ್ರಿ."

ಅವರು ಮೊಬೈಲಿನಿಂದ ಕತ್ತೆತ್ತದೆ ಕೇಳಿದರು, "ಬಂದವರಿಗಿ ಊಟ ಹಾಕ್ದಿಲ್ಲ?"

ಹೇಳಿ, ಇಂಥವರ ಹತ್ತಿರ ನ್ಯಾಯ ಕೇಳಬಹುದೇ?

ಒಂದು ಭಾನುವಾರ ನಾನೇ ಜೊತೆಗೆ ಹೊರಟೆ. ಗುಡ್ಡದ ಬುಡದಲ್ಲಿ ಅತ್ತೆ ಒಂದು ಷರತ್ತು ಹಾಕಿದರು.

"ನೀ ಸ್ವಲ್ಪ ಹಿಂದ ಉಳಿ. ಇಬ್ಬರು ಕೂಡಿ ಹೊಂಟ್ರ ಮಂದಿ ಮಾತಾಡ್ಸಂಗಿಲ್ಲ. ಒಬ್ಬಾಕಿ ಹೊಂಟ್ರನೇ ಕರೀತಾರ."

ಹೀಗೆ ನಾನು ನನ್ನ ಸ್ವಂತ ಅತ್ತೆಯ ಹಿಂದೆ ಪತ್ತೇದಾರರ ಹಾಗೆ ಗುಡ್ಡ ಹತ್ತಿದೆ. ಬಿಸಿಲು ಎಳೆಯದಾಗಿತ್ತು, ಒಣಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿತ್ತು. ನೋಡುವ ಪುರುಸೊತ್ತು ಯಾರಿಗಿದೆ? ಮೇಲೆ ಮರದಡಿ ನಮ್ಮೂರಿನದೇ ರೋಜಾ ಬಡಾವಣೆಯಿಂದ ಬಂದ ಒಂದು ಕುಟುಂಬ ಚಾದರ ಹಾಸಿ ಕುಳಿತಿತ್ತು. ಆ ಮನೆಯ ಹೆಂಗಸು ಅತ್ತೆಯನ್ನು ನೋಡಿದ್ದೇ ಕರೆದಳು.

"ಅಕೇಲೇಚ್ ಆಯೇ ಕ್ಯಾ ಅಮ್ಮಾ? ಒಬ್ಬರೇ ಬಂದೀರೇನು? ಬರ್ರಿ, ಕೂಡ್ರಿ."

ಅತ್ತೆ ಕುಳಿತರು. ಚಹಾ ಬಂತು. ಆ ಮನೆಯ ಹಿರಿಮಗಳ ಮದುವೆ ಯಾಕೆ ತಡವಾಯಿತು, ಕಿರಿಯವಳು ಯಾಕೆ ಸಪ್ಪಗಿದ್ದಾಳೆ, ಎಲ್ಲವೂ ಚಹಾ ಆರುವುದರೊಳಗೆ ಅತ್ತೆಗೆ ತಿಳಿಯಿತು. ನಾನು ದೂರದ ಬಂಡೆಯ ಮೇಲೆ ಕುಳಿತು ಕೇಳಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆ ಹೆಂಗಸಿನ ಕಣ್ಣು ನನ್ನ ಮೇಲೆ ಬಿತ್ತು.

"ಆಕಿ ಯಾರ್ರೀ ಅಮ್ಮಾ?"

ಅತ್ತೆ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಯಾರೋ ಗೊತ್ತಿಲ್ಲ ನೋಡವಾ. ಪಾಪ, ಮನ್ಯಾಗ ಜಗಳಾಡಿ ಬಂದಂಗ ಕಾಣಸ್ತದ."

ತಗೊಳ್ಳಿ! ಎಲ್ಲರ ಮುಖದಲ್ಲೂ ಕರುಣೆ ಉಕ್ಕಿತು. ನನ್ನ ಕೈಗೊಂದು ಬಟ್ಟಲು ಸಿಹಿ ಬಂತು, ಒಣಹಣ್ಣು ಬೇಯಿಸಿ ಮಾಡಿದ ಖುಬಾನಿಯ ಮೀಠಾ. ಬಿಳಿ ಗಡ್ಡದ ಅಜ್ಜ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

"ಬೇಟಿ, ಅತ್ತಿ ಅಂದ್ರ ತಾಯಿ ಇದ್ದಂಗ. ಸಿಟ್ಟು ಬಿಡು. ಮನಿಗಿ ಹೋಗು."

"ಖರೇ ಹೇಳಿದ್ರಿ ಕಾಕಾ!" ಎಂದರು ಅತ್ತೆ, ಎಲ್ಲರಿಗಿಂತ ಮೊದಲು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಹರಿಹಾಯ್ದೆ. ಅತ್ತೆ ಕಿಟಕಿಯ ಕಡೆ ಸರಿದು ಕುಳಿತರು. "ಸೊಸಿ ಅಂದಿದ್ರ ನಿನಗ ಮೀಠಾ ಸಿಗ್ತಿತ್ತೇನು?"

ಆಮೇಲೆ ನಾನು ಅವರ ಜೊತೆ ಹೋಗಲಿಲ್ಲ. ಚಳಿ ಇನ್ನೇನು ಮುಗಿಯುತ್ತದೆ ಎನ್ನುವಾಗ ಒಂದು ಮಧ್ಯಾಹ್ನ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಅಕ್ಕಾರ, ನಿಮ್ಮ ಅತ್ತಿಯವ್ರು ಗುಡ್ಡ ಇಳೀಬೇಕಾದ್ರ ಕಾಲು ಹೊರಳಿ ಬಿದ್ದಾರ್ರಿ. ನಮ್ಮ ತೋಟದಾಗ ಕುಂಡ್ರಿಸೀವಿ. ಗಾಬರಿ ಆಗಬ್ಯಾಡ್ರಿ, ಚೊಲೋ ಮಾತಾಡ್ಲಾಕತ್ತಾರ."

ಮಾತಾಡುತ್ತಿದ್ದಾರಂತೆ! ಅದೂ ಒಂದು ಸಮಾಧಾನವೇ? ನಮ್ಮ ಅತ್ತೆ ಅರ್ಧ ಪ್ರಜ್ಞೆಯಲ್ಲೂ ಮಾತಾಡಬಲ್ಲರು. ನಮ್ಮ ಮನೆಯವರು ಕೆಲಸದ ಮೇಲೆ ಬೀದರಿಗೆ ಹೋಗಿದ್ದರು. ಮಕ್ಕಳನ್ನು ಮನೆಗೆ ಕಳಿಸಿ ನಾನೇ ಕಾರು ತೆಗೆದೆ. ಹೆದರಿಕೆ ತಡೆಯಲು ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಇಂದಿನಿಂದ ಗುಡ್ಡ ಬಂದ್. ಶೂ ಬೀದಿಗೆ. ಬಸ್ಸಿನ ಹೆಸರೆತ್ತಿದರೆ ನೋಡಿಕೊಳ್ಳಿ!

ಗುಡ್ಡದ ಕೆಳಗೆ ಬಾಳೆಯ ತೋಟ. ಕೆಂಪು ಬಾಳೆಯ ಗೊನೆಗಳ ನಡುವೆ ಒಂದು ಹೊರಸು. ಅದರ ಮೇಲೆ ನನಗೆ ಬೆನ್ನು ಹಾಕಿ ಅತ್ತೆ ಕುಳಿತಿದ್ದರು, ಕಾಲಿಗೆ ಬಿಸಿ ಅರಿಶಿನದ ಪಟ್ಟಿ. ತೋಟದ ಗಂಡ ಹೆಂಡತಿ, ದನ ಕಾಯುವ ಇಬ್ಬರು ಹೆಂಗಸರು, ಎಲ್ಲರೂ ಬಾಯಿ ತೆರೆದು ಕೇಳುತ್ತಿದ್ದರು. ನಾನು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ.

"ಮದುವಿ ಆದ ಹೊಸದಾಗ ತವರಿಗಿ ಹೊಂಟಿದ್ದೆ. ಇಲ್ಲೇ, ಇದೇ ಗುಡ್ಡದ ತೆಳಗ ಬಸ್ಸು ಕೆಟ್ಟು ನಿಂತಿತು. ಭಾಳ ಹೊತ್ತು ಹಿಡೀತದ ಅಂದ ಕಂಡಕ್ಟರ್. ಹವಾ ಚೊಲೋ ಇತ್ತು, ಗುಡ್ಡ ಹತ್ತಿದೆ. ತುದಿಗಿ ಹೋಗಿ ತಿರುಗಿ ನೋಡ್ತೀನಿ, ಬಸ್ಸು ನನ್ನ ಬಿಟ್ಟು ಹೊಂಟದ! ನನ್ನ ಟ್ರಂಕ್ ಸೈತ ಹೊಂಟದ!"

"ಅಯ್ಯ ಶಿವನೇ! ಆಮ್ಯಾಲ?" ಎಂದಳು ತೋಟದವಳು. ಅಷ್ಟರಲ್ಲಿ ಅವಳ ಕಣ್ಣಿಗೆ ನಾನು ಬಿದ್ದೆ. ಅತ್ತೆಯೂ ತಿರುಗಿ ನೋಡಿ, ಮಾತು ಅಲ್ಲಿಗೇ ನಿಲ್ಲಿಸಿದರು.

ಕಾರು ರಸ್ತೆಗೆ ಬಂದ ಮೇಲೆ ನಾನು ಶುರುಮಾಡಿದೆ. "ಮನ್ಯಾಗ ನಾವೆಲ್ಲಾ ಅದೀವಿ. ಮಾತಾಡ್ಲಾಕ ಗುರ್ತಿಲ್ಲದ ಮಂದಿನೇ ಬೇಕೇನ್ರಿ ಅತ್ತಿ?"

ಅತ್ತೆ ಹೊರಗೆ ನೋಡುತ್ತಿದ್ದರು. "ನಿಮಗೆಲ್ಲಾ ನಾ ಗೊತ್ತಿದ್ದೀನಲ್ಲವಾ. ಗೊತ್ತಿದ್ದವರಿಗಿ ಯಾರು ಏನ್ ಕೇಳ್ತಾರ? ಅವರಿಗಿ ನಾ ಗೊತ್ತಿಲ್ಲ. ಅದಕ್ಕ ಕೇಳ್ತಾರ."

ಅದರಲ್ಲಿ ದೂರು ಇರಲಿಲ್ಲ. ಬೇಳೆಗೆ ಉಪ್ಪು ಕಡಿಮೆಯಾಗಿದೆ ಎನ್ನುವಷ್ಟು ಸಹಜವಾಗಿ ಹೇಳಿದ್ದರು. ನಾನು ಜೋಡಿಸಿಕೊಂಡು ಬಂದಿದ್ದ ಬೈಗುಳ ಒಂದೂ ನೆನಪಾಗಲಿಲ್ಲ. ಇವರ ಚಹಾಕ್ಕೆ ಸಕ್ಕರೆ ಎಷ್ಟು, ಯಾವ ಮಾತ್ರೆ ಯಾವ ಹೊತ್ತಿಗೆ, ಎಲ್ಲ ನನಗೆ ಬಾಯಿಪಾಠ. ಒಂದು ಬಸ್ಸು ಇವರನ್ನು ಗುಡ್ಡದ ಮೇಲೆ ಬಿಟ್ಟು ಹೋಗಿತ್ತು ಎಂಬುದು ಇವರ ಮಗನಿಗಾದರೂ ಗೊತ್ತಿದೆಯೋ ಇಲ್ಲವೋ.

"ಆಮ್ಯಾಲೇನಾತ್ರಿ ಅತ್ತಿ?"

"ಯಾವುದು?"

"ಬಸ್ಸು ಹೋದ ಮ್ಯಾಲ."

ನಾನು ಚೇಷ್ಟೆ ಮಾಡುತ್ತಿರುವೆನೋ ಎಂದು ಅವರು ನನ್ನ ಮುಖ ನೋಡಿದರು. "ಏನಾಗ್ತದ? ಮೊದಲ ಅಳು ಬಂತು. ಆಮ್ಯಾಲ ಅನಿಸ್ತು, ಈಗ ನಾ ಎಲ್ಲಿ ಅದೀನಂತ ತವರಿನವ್ರಿಗೂ ಗೊತ್ತಿಲ್ಲ, ಗಂಡನ ಮನಿಯವ್ರಿಗೂ ಗೊತ್ತಿಲ್ಲ. ಕಣ್ಣು ಒರಸ್ಕೊಂಡು ಹಾಡು ಹಾಡ್ಕೋತ ಕುಂತೆ."

"ನೀವು ಹಾಡಿದ್ರಿ?"

"ಮುಂದಿನ ಬಸ್ಸು ಬರೋತನಕ!"

"ಯಾವ ಹಾಡ್ರಿ?"

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ತಮ್ಮ ಕಡೆಯ ಗಾಜು ಏರಿಸಿದರು. ಗಂಟಲು ಸರಿಮಾಡಿಕೊಂಡು, ಹುಡುಗಿಯ ಹಾಗೆ ನಾಚುತ್ತಾ ಹಾಡತೊಡಗಿದರು. ದನಿ ಅಲ್ಲಲ್ಲಿ ಒಡೆಯುತ್ತಿತ್ತು. ನಾನು ಕಾರಿನ ವೇಗ ಇಳಿಸಿದೆ, ಮತ್ತೂ ಇಳಿಸಿದೆ. ಹಿಂದಿನ ಲಾರಿಯವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ.

ಹೊಡ್ಕೊಳ್ಳಲಿ!